ಎಂಟು ರೂಪಾಯಿಯ ಸಂಕೋಚ: ಕೊಡಗಿನ ಪೇಟೆಗಳಲ್ಲಿ ಹಳೆಯ ಹೋಟೆಲುಗಳು ಮುಚ್ಚುತ್ತಿರುವುದೇಕೆ

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಮೂರು ನಾಲ್ಕು ದಶಕ ನಡೆದ ಹೋಟೆಲೊಂದು ಬಾಗಿಲು ಹಾಕಿತೆಂದು ಸುದ್ದಿ ಹಬ್ಬಿದರೆ, ಸಂಜೆಯೊಳಗೆ ಅದರ ಬೋರ್ಡಿನ ಚಿತ್ರ ಎಷ್ಟೋ ಮಂದಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ನೆಲೆಸಿ ವರ್ಷಗಳಾದವರೂ ಅಲ್ಲಿನ ಮಸಾಲೆದೋಸೆಯನ್ನು, ಪರೋಟ-ಕುರ್ಮಾವನ್ನು, ಗಲ್ಲಾದಲ್ಲಿ ಕೂರುತ್ತಿದ್ದ ಮಾಲೀಕರ ಮುಖವನ್ನು ನೆನೆದು ಶ್ರದ್ಧಾಂಜಲಿಯ ಧಾಟಿಯಲ್ಲಿ ಬರೆಯುತ್ತಾರೆ. ಈ ದುಃಖ ಸುಳ್ಳಲ್ಲ. ಆದರೆ ಆ ಬರಹಗಳು ಕೊಡುವ ಕಾರಣಗಳು, ಅಂದರೆ ಜನರ ನಾಲಿಗೆಯ ರುಚಿ ಬದಲಾಯಿತು, ಹೊಸ ತಲೆಮಾರಿಗೆ ಪಿಜ್ಜಾ ಬೇಕಾಯಿತು, ಪ್ರವಾಸಿಗರು ಬಂದು ಊರು ಕೆಡಿಸಿದರು ಎಂಬಂಥವು, ಹೋಟೆಲಿನ ಲೆಕ್ಕಪುಸ್ತಕದ ಎದುರು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮೊದಲು ಗಮನಿಸಬೇಕಾದದ್ದು, ಕೊಡಗಿನಲ್ಲಿ ಊಟ ಸಿಗುವ ಜಾಗಗಳು ಕಡಿಮೆಯಾಗಿಲ್ಲ ಎಂಬುದನ್ನು. ಕುಶಾಲನಗರದಿಂದ ಮಡಿಕೇರಿಯವರೆಗಿನ ಹೆದ್ದಾರಿಯಲ್ಲಿ ಒಮ್ಮೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ರೆಸ್ಟೋರೆಂಟುಗಳೂ ಕೆಫೆಗಳೂ 'ಕೂರ್ಗ್ ಸ್ಪೆಷಲ್' ಫಲಕಗಳೂ ಸಾಲುಗಟ್ಟಿ ನಿಂತಿವೆ. ಕಡಿಮೆಯಾಗುತ್ತಿರುವುದು ಒಂದೇ ಜಾತಿಯ ಹೋಟೆಲು, ಊರಿನವರು ದಿನವೂ ಉಣ್ಣುವ ಹೋಟೆಲು. ನ್ಯಾಯಾಲಯಕ್ಕೆ ಬಂದ ಕಕ್ಷಿದಾರರು, ತಾಲ್ಲೂಕು ಕಚೇರಿಯಲ್ಲಿ ಆಸ್ತಿಯ ದಾಖಲೆಗಾಗಿ ಕಾಯುವವರು, ಬಸ್ಸಿನ ಚಾಲಕ-ನಿರ್ವಾಹಕರು, ಕಾಫಿತೋಟದ ಲೆಕ್ಕ ಬರೆಯುವ ರೈಟರುಗಳು, ಮಿಲಿಟರಿ ಕ್ಯಾಂಟೀನಿಗೆ ತಿಂಗಳ ಸಾಮಾನಿಗೆಂದು ಬರುವ ನಿವೃತ್ತ ಯೋಧರು, ಸಂತೆಯ ದಿನ ತೋಟದ ಲೈನ್‌ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಪೇಟೆಗೆ ಇಳಿಯುವ ಕೂಲಿಯವರು, ಕಾಲೇಜಿನ ಹುಡುಗರು ಅದರ ಗಿರಾಕಿಗಳು. ಇಂದಿಗೂ ರೈಲುಹಳಿ ಕಾಣದ ಈ ಜಿಲ್ಲೆಯಲ್ಲಿ ಪೇಟೆಯ ಬದುಕು ಬಸ್ ನಿಲ್ದಾಣದ ಸುತ್ತ ಬೆಳೆದದ್ದರಿಂದ, ಇಂಥ ಹೋಟೆಲುಗಳೂ ಅಲ್ಲೇ ಬೆಳೆದವು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣ ರೇಸ್‌ಕೋರ್ಸ್ ರಸ್ತೆಯ ಕಡೆಗೆ ಹೋದಂತೆ, ನಿಲ್ದಾಣವೊಂದು ಜಾಗ ಬದಲಿಸಿದರೆ ಹಳೆಯ ಜಾಗದ ಕಾಫಿಯ ವ್ಯಾಪಾರ ಅದರ ಹಿಂದೆಯೇ ಹೋಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಹಳೆಯ ಹೋಟೆಲು ಮುಚ್ಚಿದಾಗ 'ಕೊಡಗಿನ ಪರಂಪರೆಯೊಂದು ಕಳೆದುಹೋಯಿತು' ಎಂದು ಬರೆಯುವವರು ಆ ಹೋಟೆಲಿನ ತಿಂಡಿಯ ಪಟ್ಟಿಯನ್ನು ನೆನಪಿಸಿಕೊಂಡರೆ ಒಳ್ಳೆಯದು. ಪಂದಿಕರಿ, ಕಡಂಬುಟ್ಟು, ನೂಪುಟ್ಟು, ಕಾಡಿನ ಅಣಬೆಯ ಕುಮ್ಮುಕರಿ, ಕಣಿಲೆಯ ಬೈಂಬಳೆಕರಿ ಬಹುಕಾಲ ಮನೆಯ, ಮದುವೆಯ, ಹಬ್ಬದ ಅಡುಗೆಗಳಾಗಿದ್ದವು. ಕೊಡಗಿನವರು ಅವನ್ನು ಹಣ ಕೊಟ್ಟು ತಿನ್ನಲು ಪೇಟೆಗೆ ಹೋಗುತ್ತಿರಲಿಲ್ಲ. ಅವುಗಳನ್ನು ಹೋಟೆಲಿನ ಪಟ್ಟಿಗೆ ತಂದದ್ದು ಬಹುಮಟ್ಟಿಗೆ ಪ್ರವಾಸೋದ್ಯಮವೇ. ನಾವೀಗ ದುಃಖಿಸುತ್ತಿರುವ ಹೋಟೆಲುಗಳು ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಇಡ್ಲಿ-ದೋಸೆಯವು, ಮಲಬಾರಿನಿಂದ ಬಂದವರ ಪರೋಟ-ಚಾಯಿಯವು, ಮೈಸೂರು ಕಡೆಯವರ ಮೆಸ್ಸುಗಳು. ಹಾಗೆ ನೋಡಿದರೆ 'ಪರಂಪರೆ'ಯ ಅಡುಗೆ ಇಂದು ಹಿಂದೆಂದಿಗಿಂತ ಚೆನ್ನಾಗಿ ಮಾರಾಟವಾಗುತ್ತಿದೆ. ಇಲ್ಲವಾಗುತ್ತಿರುವುದು ವಲಸೆ ಬಂದ ಕುಟುಂಬಗಳು ಊರಿನೊಡನೆ ಕಟ್ಟಿಕೊಂಡ ದಿನನಿತ್ಯದ ಒಂದು ವ್ಯವಸ್ಥೆ.

ಆ ವ್ಯವಸ್ಥೆ ಊಟಕ್ಕಷ್ಟೇ ಸೀಮಿತವಾಗಿರಲಿಲ್ಲ. 1957ರಿಂದ ಮಡಿಕೇರಿಯಿಂದ ಹೊರಡುತ್ತಿರುವ 'ಶಕ್ತಿ' ಪತ್ರಿಕೆಯ ಒಂದು ಪ್ರತಿಯನ್ನು ಹತ್ತಾರು ಮಂದಿ ಓದುತ್ತಿದ್ದದ್ದು, ಊರಿನ ಮರಣವಾರ್ತೆಯನ್ನು ಮೊದಲು ತಿಳಿಯುತ್ತಿದ್ದದ್ದು ಇಲ್ಲಿನ ಮೇಜುಗಳಲ್ಲಿ. ಹಳ್ಳಿಗೆ ಹೋಗಬೇಕಾದ ಔಷಧಿಯ ಪೊಟ್ಟಣವನ್ನು ಗಲ್ಲಾದಲ್ಲಿ ಕೊಟ್ಟರೆ ಸಂಜೆಯ ಬಸ್ಸಿನ ನಿರ್ವಾಹಕರು ಅದನ್ನು ಒಯ್ಯುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ದಿನ 'ಬರೆದಿಡಿ' ಎಂದರೆ ಸಾಕಿತ್ತು. ಕಾರ್ಡು, ಯುಪಿಐ, ಕೊರಿಯರ್ ಇರುವ ಕಾಲದಲ್ಲಿ ಇವೆಲ್ಲಕ್ಕೂ ಪರ್ಯಾಯಗಳಿವೆ ಎನ್ನಬಹುದು, ಅದು ನಿಜವೂ ಹೌದು. ಆದರೆ ಪರ್ಯಾಯಗಳು ಯಾರ ಕೈಗೆ ಎಟಕುತ್ತವೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ನೆನಪಿನ ಬರಹಗಳಲ್ಲಿ ಸಾಮಾನ್ಯವಾಗಿ ಬಾರದ ವಿಷಯವೊಂದಿದೆ: ಅಷ್ಟು ಅಗ್ಗದ ಊಟದ ನಿಜವಾದ ಬೆಲೆಯನ್ನು ತೆರುತ್ತಿದ್ದವರು ಯಾರು ಎಂಬುದು. ಗಿರಾಕಿಯಂತೂ ಪೂರ್ತಿ ತೆರುತ್ತಿರಲಿಲ್ಲ. ಒಂದು ಪಾಲನ್ನು ಹಿಂದಿನ ಕಾಲದ ಬಾಡಿಗೆ ತುಂಬುತ್ತಿತ್ತು, ಅಂದರೆ ಕಟ್ಟಡದ ಮಾಲೀಕರು ಮುಖದಾಕ್ಷಿಣ್ಯಕ್ಕೆ ಏರಿಸದೆ ಬಿಟ್ಟ ಬಾಡಿಗೆ. ಮತ್ತೊಂದು ಪಾಲನ್ನು ಹೋಟೆಲಿನವರ ಮನೆಯ ಹೆಂಗಸರು ತುಂಬುತ್ತಿದ್ದರು. ನಸುಕಿನಲ್ಲಿ ಹಿಟ್ಟು ರುಬ್ಬಿ, ತರಕಾರಿ ಹೆಚ್ಚಿ, ರಾತ್ರಿ ಪಾತ್ರೆ ಎಣಿಸಿಡುತ್ತಿದ್ದ ಅವರ ಕೆಲಸ ಯಾವ ಖರ್ಚಿನ ಪಟ್ಟಿಯಲ್ಲೂ ಬರೆದದ್ದಿಲ್ಲ. ಮೂರನೆಯ ಪಾಲಿನ ಬಗ್ಗೆ ಮಾತನಾಡಲು ನಮಗೆ ಮುಜುಗರವಾಗುತ್ತದೆ. ಮೇಜು ಒರೆಸುತ್ತಿದ್ದ, ಲೋಟ ತೊಳೆಯುತ್ತಿದ್ದ 'ಮಾಣಿ' ಎಷ್ಟೋ ಕಡೆ ಶಾಲೆಯಲ್ಲಿರಬೇಕಾದ ವಯಸ್ಸಿನ ಹುಡುಗನಾಗಿದ್ದ. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸುವುದನ್ನು ಕೇಂದ್ರ ಸರ್ಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಅದು ಆಗಬೇಕಾಗಿದ್ದ ಬದಲಾವಣೆ. ಅದರಿಂದ ಊಟದ ಬೆಲೆ ಏರಿದ್ದರೆ, ಹಿಂದಿನ ಬೆಲೆಯೇ ಅನ್ಯಾಯದ್ದಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಹಾಗೆಯೇ ಆ ಹೋಟೆಲುಗಳು ಎಲ್ಲರಿಗೂ ಸಮನಾಗಿ ತೆರೆದಿದ್ದವು ಎಂಬ ಚಿತ್ರಕ್ಕೂ ಸ್ವಲ್ಪ ತಿದ್ದುಪಡಿ ಬೇಕು. ಒಂಟಿ ಹೆಣ್ಣುಮಗಳು ಅಲ್ಲಿ ಕುಳಿತು ಪತ್ರಿಕೆ ಓದುತ್ತಾ ಕಾಫಿ ಕುಡಿಯುವುದು ಅಪರೂಪವಾಗಿತ್ತು. ಅವಳಿಗೆಂದು ಇದ್ದದ್ದು ಪರದೆ ಎಳೆದ 'ಫ್ಯಾಮಿಲಿ ರೂಂ'.

ಈಗ ಲೆಕ್ಕಕ್ಕೆ ಬರೋಣ. ಇದು ಯಾವುದೇ ನಿರ್ದಿಷ್ಟ ಹೋಟೆಲಿನ ಲೆಕ್ಕವಲ್ಲ, ವಿಷಯ ತಿಳಿಯಲೆಂದು ಕಲ್ಪಿಸಿಕೊಂಡದ್ದು. ಒಂದು ಸಣ್ಣ ಹೋಟೆಲು ದಿನಕ್ಕೆ 150 ಊಟವನ್ನು ತಲಾ 80 ರೂಪಾಯಿಗೆ ಮಾರುತ್ತದೆ ಎಂದಿಟ್ಟುಕೊಳ್ಳೋಣ. ದಿನದ ವ್ಯಾಪಾರ 12,000 ರೂಪಾಯಿ. ಅದರಲ್ಲಿ ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಹಾಲು, ಗ್ಯಾಸಿಗೆ 6,000 ಹೋಗುತ್ತದೆ. ಐದು ಮಂದಿ ಕೆಲಸಗಾರರಿಗೆ ತಲಾ 700ರಂತೆ 3,500. ಉಳಿಯುವ 2,500 ರೂಪಾಯಿ, ತಿಂಗಳಿಗೆ 26 ದಿನ ತೆರೆದಿದ್ದರೆ, 65,000 ಆಗುತ್ತದೆ. ವಿದ್ಯುತ್ತು, ನೀರು, ದುರಸ್ತಿಗೆ 5,000 ತೆಗೆಯಿರಿ. ಇನ್ನು ತೆರಿಗೆ. ಈ ಹೋಟೆಲಿನ ವಾರ್ಷಿಕ ವಹಿವಾಟು 37 ಲಕ್ಷ ರೂಪಾಯಿ ದಾಟುವುದರಿಂದ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಣ್ಣ ವ್ಯಾಪಾರಿಗಳಿಗೆಂದು ಇರುವ ಸರಳ ತೆರಿಗೆಯ ಕಾಂಪೊಸಿಷನ್ ಪದ್ಧತಿಯಲ್ಲಿ ವಹಿವಾಟಿನ ಶೇ 5ರಷ್ಟನ್ನು, ಅಂದರೆ ತಿಂಗಳಿಗೆ 15,600 ರೂಪಾಯಿಯನ್ನು, ಗಿರಾಕಿಯ ಬಿಲ್ಲಿಗೆ ಸೇರಿಸದೆ ಹೋಟೆಲಿನವರೇ ಕಟ್ಟಬೇಕು. ಬಾಡಿಗೆ 15,000 ಇದ್ದರೆ, ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿಯುವ ಗಂಡ-ಹೆಂಡತಿಯ ಕೈಯಲ್ಲಿ ಉಳಿಯುವುದು 29,400 ರೂಪಾಯಿ. ಬಾಡಿಗೆ 45,000ಕ್ಕೆ ಏರಿದರೆ ತಿಂಗಳ ಕೊನೆಗೆ 600 ರೂಪಾಯಿ ಸಾಲ.

ಈ ಲೆಕ್ಕದಲ್ಲಿ ಗಿರಾಕಿಗಳು ಒಬ್ಬರೂ ಕಡಿಮೆಯಾಗಿಲ್ಲ ಎಂಬುದನ್ನು ಗಮನಿಸಬೇಕು. ಬಾಡಿಗೆಯ ಹೆಚ್ಚಳ 30,000 ರೂಪಾಯಿಯನ್ನು ತಿಂಗಳ 3,900 ಊಟಗಳಿಗೆ ಹಂಚಿದರೆ, ಊಟವೊಂದಕ್ಕೆ ಎಂಟು ರೂಪಾಯಿಯ ಆಸುಪಾಸು ಆಗುತ್ತದೆ. ಹಾಗಾದರೆ 80ರ ಊಟವನ್ನು 88 ಮಾಡಿ ಹೋಟೆಲನ್ನು ಉಳಿಸಿಕೊಳ್ಳಬಹುದಲ್ಲ? ಕಾಗದದ ಮೇಲೆ ಖಂಡಿತ ಸಾಧ್ಯ. ಇಲ್ಲೇ ಇರುವುದು ತೊಡಕು. ಪ್ರವಾಸಿಯೊಬ್ಬರು ಆ ಎಂಟು ರೂಪಾಯಿಯನ್ನು ಗಮನಿಸುವುದೂ ಇಲ್ಲ. ದಿನವೂ ಉಣ್ಣುವ ಬಸ್ ಕ್ಲೀನರ್‌ಗೆ ಅದು ತಿಂಗಳಿಗೆ ಇನ್ನೂರು ರೂಪಾಯಿಯ ಮಾತು. ಅದಕ್ಕಿಂತ ಮುಖ್ಯವಾಗಿ, ಬೆಲೆ ಏರಿಸಿದ ಮರುದಿನ ಬೆಳಿಗ್ಗೆ ಅದೇ ಗಿರಾಕಿಯ ಮುಖ ನೋಡಬೇಕು. 'ಏನು ಭಟ್ರೇ, ಮತ್ತೆ ಏರಿಸಿದಿರಾ?', 'ಏನು ಕಾಕಾ, ನಮಗೂ ಇದೇ ರೇಟಾ?' ಎಂಬ ಸಲಿಗೆಯ ಮಾತನ್ನು ಪ್ರತಿ ಮೇಜಿನಲ್ಲೂ ಕೇಳಬೇಕು. ಪರಿಚಯವೇ ಇಲ್ಲದ ಗಿರಾಕಿಗಳಿರುವ ಹೆದ್ದಾರಿಯ ರೆಸ್ಟೋರೆಂಟು ಇಂಥ ಸಂಕೋಚವಿಲ್ಲದೆ ಮೆನು ಕಾರ್ಡನ್ನು ಹೊಸದಾಗಿ ಅಚ್ಚು ಹಾಕಿಸುತ್ತದೆ. ಮುಚ್ಚಿದ ಮೇಲೆ ನಾವು ಯಾವ ಆತ್ಮೀಯತೆಯನ್ನು ನೆನೆದು ಮರುಗುತ್ತೇವೋ, ಬೆಲೆ ಏರಿಸಲು ಬಿಡದೆ ಹೋಟೆಲನ್ನು ಸೊರಗಿಸಿದ್ದರಲ್ಲಿ ಅದರ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಕೊಡಗಿನಲ್ಲಿ ಇದಕ್ಕೊಂದು ವಿಶೇಷ ವ್ಯಂಗ್ಯವೂ ಇದೆ. 2024ರಲ್ಲಿ 50 ಕೆ.ಜಿ. ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿಹಣ್ಣಿನ, ಚೀಲ 10,000 ರೂಪಾಯಿ ದಾಟಿದಾಗ ಜಿಲ್ಲೆಯ ಬೆಳೆಗಾರರು ಬಹುಕಾಲದ ನಂತರ ನಗುಮುಖ ತೋರಿದರು. ಅದು ನ್ಯಾಯವಾದ ಸಂತೋಷ. ಆದರೆ ಅದೇ ಬೆಲೆಯಿಂದಾಗಿ ಕಾಫಿಪುಡಿಯ ದರ ಏರಿ, ಅದರ ಬೆನ್ನಿಗೇ 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರವೂ ಲೀಟರಿಗೆ 4 ರೂಪಾಯಿ ಹೆಚ್ಚಿದಾಗ, ಹೋಟೆಲಿನ ಲೋಟದ ಕಾಫಿಗೆ ಕೆಲವು ರೂಪಾಯಿ ಏರಿಸಿದ್ದನ್ನು ಅದೇ ಬೆಳೆಗಾರರೂ ಗೊಣಗದೆ ಒಪ್ಪಲಿಲ್ಲ. ಖಾದ್ಯತೈಲದ ವಿಷಯವೂ ಹೀಗೆಯೇ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಖಾದ್ಯತೈಲದ ಮೇಲೆ ಶೇ 20ರ ಮೂಲ ಆಮದು ಸುಂಕ ಬಿದ್ದು ಎಣ್ಣೆ ತುಟ್ಟಿಯಾಯಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸುವ ಹೊತ್ತಿಗೆ ಎಷ್ಟೋ ಬಾಣಲೆಗಳು ನಷ್ಟದಲ್ಲೇ ಕಾದಿದ್ದವು. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿನ ದರವಂತೂ ತಿಂಗಳ ಮೊದಲ ದಿನ ಪರಿಷ್ಕರಣೆಯಾಗುತ್ತದೆ. ತಿಂಗಳಿಗೊಮ್ಮೆ ಬದಲಾಗುವ ಖರ್ಚನ್ನು ಎರಡು ವರ್ಷಕ್ಕೊಮ್ಮೆ ಅಂಜುತ್ತಾ ಬದಲಿಸುವ ಬೆಲೆಪಟ್ಟಿಯಿಂದ ಸರಿದೂಗಿಸುವುದು ಯಾರಿಂದಲೂ ಆಗದ ಕೆಲಸ.

ತೆರಿಗೆಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಲೆಕ್ಕದಲ್ಲಿ ಕಂಡಂತೆ ಅದು ಸಣ್ಣ ಹೊರೆಯಲ್ಲ, ಆದರೆ ಬಹಳಷ್ಟು ಹೋಟೆಲುಗಳು ವರ್ಷಗಟ್ಟಲೆ ಅದರ ಹೊರಗೇ ಇದ್ದವು. 2025ರ ಜುಲೈಯಲ್ಲಿ ಯುಪಿಐ ವಹಿವಾಟನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಆ ಹೊರಗುಳಿಯುವಿಕೆ ಇನ್ನು ಸಾಧ್ಯವಿಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರ ಬಳಿಕ ಹೇಳಿತಾದರೂ ಮುಂದಿನ ದಿನಗಳ ಲೆಕ್ಕ ಬದಲಾಗಿಬಿಟ್ಟಿತ್ತು.

ಬಾಡಿಗೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗುತ್ತದೆ, ಏಕೆಂದರೆ ಹೆಚ್ಚಿನ ಹೋಟೆಲುಗಳ ಅಳಿವು-ಉಳಿವು ತೀರ್ಮಾನವಾಗುವುದು ಅಲ್ಲಿ. ಬಾಡಿಗೆದಾರರನ್ನು ಕಾನೂನು ಕಾಪಾಡುತ್ತದೆ ಎಂಬ ಭಾವನೆ ಜನರಲ್ಲಿ ಇನ್ನೂ ಇದೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವಾಣಿಜ್ಯ ಬಳಕೆಯ ಕಟ್ಟಡಗಳಲ್ಲಿ 14 ಚದರ ಮೀಟರ್ ಮೀರದ ಜಾಗಗಳಿಗೆ ಮಾತ್ರ ಅನ್ವಯಿಸುತ್ತದೆ. ಅದು ಸುಮಾರು 150 ಚದರ ಅಡಿ, ಒಂದು ಗೂಡಂಗಡಿಗೆ ಸಾಕಾಗುವಷ್ಟು. ಅಡುಗೆಮನೆ, ಕೈತೊಳೆಯುವ ಜಾಗ, ಆರೆಂಟು ಮೇಜುಗಳಿರುವ ಯಾವ ಹೋಟೆಲೂ ಅಷ್ಟರಲ್ಲಿ ಹಿಡಿಯುವುದಿಲ್ಲ. ಅಂಥ ಹೋಟೆಲಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಲಿಖಿತ ಕರಾರಿಲ್ಲದೆ ತಿಂಗಳ ಲೆಕ್ಕದಲ್ಲಿ ನಡೆಯುವ ಬಾಡಿಗೆಯನ್ನು ಅದರ ಪ್ರಕಾರ 15 ದಿನಗಳ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. ಕೊಡಗಿನ ಪೇಟೆಗಳಲ್ಲಿ ಹಳೆಯ ಬಾಡಿಗೆಗಳು ಬಹುಪಾಲು ಬಾಯಿಮಾತಿನವು, ಇಲ್ಲವೇ ಎಂದೋ ಬರೆದು ಮತ್ತೆ ನವೀಕರಿಸದ ಹನ್ನೊಂದು ತಿಂಗಳ ಕರಾರುಗಳು. ಕಟ್ಟಡದ ಹಿರಿಯ ಮಾಲೀಕರು ಇರುವವರೆಗೆ ಆ ಬಾಯಿಮಾತೇ ಕಾನೂನಿಗಿಂತ ಗಟ್ಟಿಯಾಗಿರುತ್ತದೆ. ಅವರು ತೀರಿಕೊಂಡು ಆಸ್ತಿ ಪಾಲಾದಾಗ, ಬೇರೆ ಊರಿನಲ್ಲಿರುವ ಮಕ್ಕಳಿಗೆ ಕಾಣುವುದು ಚದರ ಅಡಿಯ ಲೆಕ್ಕ ಮಾತ್ರ. ಇದನ್ನು ದುರಾಸೆ ಎನ್ನಲು ನನಗೆ ಮನಸ್ಸಿಲ್ಲ. ಪಕ್ಕದ ಕಟ್ಟಡಕ್ಕೆ ಮೂರು ಪಟ್ಟು ಬಾಡಿಗೆ ಬರುವಾಗ ಬಿಟ್ಟುಕೊಡಿ ಎಂದು ಕೇಳುವುದು ಸುಲಭ, ಬಿಟ್ಟುಕೊಡುವುದು ಕಷ್ಟ.

ಆ ಮೂರು ಪಟ್ಟನ್ನು ಕೊಡುವವರು ಯಾರು? ಸಾಮಾನ್ಯವಾಗಿ ಅವರು ಇನ್ನೊಂದು ಹೋಟೆಲಿನವರಾಗಿರುವುದಿಲ್ಲ. ಹೋಮ್‌ಮೇಡ್ ಚಾಕೊಲೇಟ್, ಏಲಕ್ಕಿ-ಮೆಣಸು, ಜೇನು, ಕಾಫಿಪುಡಿ, ಹಣ್ಣಿನ ವೈನ್ ಮಾರುವ ಅಂಗಡಿಗೆ ಅಡುಗೆಮನೆ ಬೇಡ, ಐದು ಮಂದಿ ಕೆಲಸಗಾರರು ಬೇಡ, ಉಳಿದ ಸಾಂಬಾರು ಸಂಜೆಗೆ ಕೆಡುವ ಭಯವಿಲ್ಲ. ವಾರಾಂತ್ಯದ ಎರಡೂವರೆ ದಿನ ಚೆನ್ನಾಗಿ ನಡೆದರೆ ತಿಂಗಳ ಬಾಡಿಗೆ ಹುಟ್ಟುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಈ ವಾರಾಂತ್ಯದ ವ್ಯಾಪಾರಕ್ಕೆ ಮತ್ತಷ್ಟು ಬಲ ತುಂಬಿತು. ಒಂದೇ ರಸ್ತೆ ಎರಡು ಕಡೆ ಎರಡು ಬಗೆಯಲ್ಲಿ ಹೋಟೆಲುಗಳಿಗೆ ಹೊಡೆತ ಕೊಟ್ಟದ್ದು ಕುತೂಹಲಕರ: ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಹಳೆಯ ಹೆದ್ದಾರಿಯಲ್ಲಿ ವಾಹನಗಳು ಬೈಪಾಸಿನಲ್ಲಿ ಹೋಗಿಬಿಟ್ಟು ಗಿರಾಕಿಗಳಿಲ್ಲದಂತಾಯಿತು, ಕೊಡಗಿನಲ್ಲಿ ವಾಹನಗಳು ಹೆಚ್ಚಾಗಿ ಬಂದು ಬಾಡಿಗೆ ಏರಿತು. ಪ್ರವಾಸಿಗರು ಊರಿನವರ ಹೋಟೆಲಿಗೆ ಬಾರದೆ ಅದನ್ನು ಮುಚ್ಚಿಸಲಿಲ್ಲ, ಅವರು ಬಂದು ಉಂಡರೂ ಅದು ಉಳಿಯುತ್ತಿತ್ತೆಂಬ ಖಾತ್ರಿಯಿಲ್ಲ.

ಇದರ ಮೇಲೆ ಮೂರು ವರ್ಷ ಸಾಲಾಗಿ ಬಂದ ಆಘಾತಗಳಿವೆ. 2018ರ ಆಗಸ್ಟಿನ ಭೂಕುಸಿತ ಮತ್ತು ಪ್ರವಾಹ, ಕೆಲಕಾಲ ಪ್ರವಾಸಿಗರ ಪ್ರವೇಶಕ್ಕೆ ನಿರ್ಬಂಧ. 2019ರಲ್ಲಿ ಮತ್ತೆ ಮಳೆಯ ಅನಾಹುತ. 2020ರ ಮಾರ್ಚ್‌ನಿಂದ ಲಾಕ್‌ಡೌನ್. ಒಂದು ಕೆಟ್ಟ ವರ್ಷವನ್ನು ಉಳಿತಾಯದಿಂದ ದಾಟಬಹುದು, ಎರಡನೆಯದನ್ನು ಚಿನ್ನ ಅಡವಿಟ್ಟು ದಾಟಬಹುದು. ಮೂರನೆಯದು ಮುಗಿದಾಗ ಕೆಲಸಗಾರರು ಚದುರಿಹೋಗಿದ್ದರು.

ಉತ್ತರಾಧಿಕಾರದ ಪ್ರಶ್ನೆ ಬೇರೆಯದೇ ಬಗೆಯದು. ಹೋಟೆಲು ಚೆನ್ನಾಗಿ ನಡೆದದ್ದರಿಂದಲೇ ಮಕ್ಕಳು ಓದಿದರು, ಓದಿದ ಮಕ್ಕಳು ಗಲ್ಲಾಕ್ಕೆ ಬರಲಿಲ್ಲ. ನಲವತ್ತು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದವರು ತಮ್ಮ ಮಕ್ಕಳೂ ಹಾಗೆಯೇ ಏಳಲೆಂದು ಬಯಸುವುದಿಲ್ಲ. ಅವರ ಪಾಲಿಗೆ ಮುಚ್ಚುವುದು ಸೋಲೇ ಆಗಿರಬೇಕಾಗಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ 1954ರಿಂದ ನಡೆದಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿದಾಗ ಕೊನೆಯ ದಿನಗಳಲ್ಲಿ ಜನ ಮುಗಿಬಿದ್ದರು, ಗಿರಾಕಿಗಳಿಲ್ಲದೆ ಸೊರಗಿದ ಹೋಟೆಲು ಅದಾಗಿರಲಿಲ್ಲ. ಅದಕ್ಕೆ ಎದುರಾಗಿ ಇಂಡಿಯನ್ ಕಾಫಿ ಹೌಸಿನ ಉದಾಹರಣೆಯಿದೆ. ಕಾಫಿ ಮಂಡಳಿ 1950ರ ದಶಕದಲ್ಲಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರೇ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು, ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಕೈತಪ್ಪಿದರೂ ಅದು ಚರ್ಚ್ ಸ್ಟ್ರೀಟಿಗೆ ಹೋಗಿ ಉಳಿದುಕೊಂಡಿತು. ಬಡಿಸುವವರೇ ಒಡೆಯರಾಗಿರುವ ಹೋಟೆಲಿಗೆ 'ನನಗೆ ಬೇಡ' ಎನ್ನುವ ಮಗನಿರುವುದಿಲ್ಲ. ಇಷ್ಟೊಂದು ಕಾಫಿ ಬೆಳೆಯುವ, ಸಹಕಾರ ಸಂಘಗಳ ಅನುಭವವೂ ಸಾಕಷ್ಟಿರುವ ಜಿಲ್ಲೆಯಲ್ಲಿ ಈ ಮಾದರಿಯ ಬಗ್ಗೆ ಗಂಭೀರ ಚರ್ಚೆಯೇ ಇಲ್ಲವೆಂಬುದು ಅಚ್ಚರಿ.

ದುಃಖಿಸುವವರು ಮತ್ತು ನಷ್ಟ ಅನುಭವಿಸುವವರು ಒಬ್ಬರೇ ಅಲ್ಲ ಎಂಬುದನ್ನೂ ಹೇಳಬೇಕು. ಸ್ಟೇಟಸ್ ಹಾಕುವವರಲ್ಲಿ ಹೆಚ್ಚಿನವರು ಊರು ಬಿಟ್ಟವರು, ಇಲ್ಲವೇ ಆ ಹೋಟೆಲಿಗೆ ವರ್ಷಕ್ಕೊಮ್ಮೆ, ಹುತ್ತರಿಗೋ ಮದುವೆಗೋ ಬಂದಾಗ ಹೋಗುತ್ತಿದ್ದವರು. ಜುಲೈ ತಿಂಗಳ ಮಳೆಯಲ್ಲಿ, ವಾರದ ನಡುವಿನ ದಿನ, ಮಧ್ಯಾಹ್ನ ಒಂದೂವರೆಗೆ ಬಿಸಿ ಅನ್ನ-ಸಾರು ಹುಡುಕುವ ಕಕ್ಷಿದಾರನೂ ಬಸ್ಸಿನ ನಿರ್ವಾಹಕನೂ ಎಲ್ಲಿಯೂ ಬರೆಯುವುದಿಲ್ಲ. ಅವರು ಗೂಡಂಗಡಿಯ ಚಹಾ-ಬನ್ನಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ, ಇಲ್ಲವೇ ಮನೆಯಿಂದ ಬುತ್ತಿ ತರುತ್ತಾರೆ.

ಅವರಿಗಾಗಿ ಏನಾದರೂ ಮಾಡಬಹುದಾದ ಜಾಗವೊಂದು ಇದೆ, ಅದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಒಡೆತನದ ವಾಣಿಜ್ಯ ಮಳಿಗೆಗಳು. ಸರ್ಕಾರ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟು ತಟ್ಟೆಗೆ ಸಹಾಯಧನ ನೀಡುತ್ತದೆ. ಅದರ ಬದಲು, ಅಥವಾ ಅದರ ಜೊತೆಗೆ, ಜಾಗಕ್ಕೆ ಸಹಾಯ ನೀಡುವ ದಾರಿಯೂ ಇದೆ. ಬಸ್ ನಿಲ್ದಾಣದ ಬಳಿಯ ಒಂದೆರಡು ಮಳಿಗೆಗಳನ್ನು ಊಟದ ಹೋಟೆಲಿಗೆಂದೇ ಮೀಸಲಿಟ್ಟು, ಬಾಡಿಗೆಯನ್ನು ಮಿತಿಯಲ್ಲಿರಿಸಿ, ಪ್ರತಿಯಾಗಿ ಬೆಲೆ ಮತ್ತು ತೆರೆದಿರುವ ವೇಳೆಯ ಬಗ್ಗೆ ಕರಾರು ಮಾಡಿಕೊಂಡರೆ, ಮೇಲಿನ ಲೆಕ್ಕದ 30,000 ರೂಪಾಯಿಯ ಕಂದಕ ಅಲ್ಲೇ ಮುಚ್ಚುತ್ತದೆ, ಎಂಟು ರೂಪಾಯಿ ಏರಿಸುವ ಸಂಕಟವೂ ಬರುವುದಿಲ್ಲ. ಕೆಲಸಗಾರರ ಸಹಕಾರ ಸಂಘಕ್ಕೆ ಆದ್ಯತೆ ಕೊಟ್ಟರೆ ಇನ್ನೂ ಒಳ್ಳೆಯದು. ಸದ್ಯಕ್ಕೆ ಮಳಿಗೆಗಳು ಹರಾಜಿನಲ್ಲಿ ಹೆಚ್ಚು ಕೂಗಿದವರ ಪಾಲಾಗುತ್ತವೆ, ಮತ್ತು ಹರಾಜಿನಲ್ಲಿ ಅನ್ನ-ಸಾರಿನವರು ಚಾಕೊಲೇಟಿನವರಿಗಿಂತ ಹೆಚ್ಚು ಕೂಗಲಾರರು.